ದಂಡು ಇಳಿದ ಹೊಲ

ನಮ್ಮ ಮನೆಯ ಹಿತ್ತಲಲ್ಲಿ ಒಂದು ಕಲ್ಲಿನ ಗುಂಡಿದೆ. ತೆಂಗಿನಕಾಯಿಗಿಂತ ತುಸು ದೊಡ್ಡದು, ಕರಿಯದು, ಯಾರೋ ಕೂತು ಕಡೆದಷ್ಟು ದುಂಡಗಿದೆ. ಅಜ್ಜ ಡೋಣಿ ದಂಡೆಯ ಹೊಲ ಹರಗುವಾಗ ಸಿಕ್ಕಿದ್ದನ್ನು ಚಕ್ಕಡಿಯಲ್ಲಿ ಹೇರಿಕೊಂಡು ಬಂದಿದ್ದನಂತೆ. ನಾನು ಹುಡುಗನಿದ್ದಾಗ ಅದು ತಲಬಾಗಿಲ ಕದಕ್ಕೆ ಆನಿಕೆಯಾಗಿತ್ತು. ಆಮೇಲೆ ಅವ್ವ ಅದನ್ನು ಉಪ್ಪಿನಕಾಯಿ ಗಡಿಗೆಯ ಮೇಲೆ ಹೇರಿದಳು. ಈಗ ನೀರಿನ ಟಾಕಿಯ ತಗಡು ಗಾಳಿಗೆ ಹಾರದಂತೆ ಅದರ ಮೇಲೆ ಕೂತಿದೆ. ಅದು ಏನು ಎಂದು ಐವತ್ತು ವರ್ಷಗಳಲ್ಲಿ ನಮ್ಮ ಮನೆಯಲ್ಲಿ ಯಾರೂ ಕೇಳಲಿಲ್ಲ. ಇತಿಹಾಸದಲ್ಲಿ ಎಂ.ಎ. ಮಾಡಿದ ನಾನೂ ಕೇಳಲಿಲ್ಲ.

ಹೋದ ವರ್ಷ ಒಂದು ಕಾಲೇಜಿನ ವಿಚಾರಗೋಷ್ಠಿಗೆ ಹೋಗಿದ್ದೆ. ಒಬ್ಬ ತರುಣ ಅಧ್ಯಾಪಕರು ಪರದೆಯ ಮೇಲೆ ಇಂಗ್ಲೆಂಡಿನ ಉತ್ತರ ತುದಿಯಲ್ಲಿರುವ ವಿಂಡೊಲ್ಯಾಂಡಾ ಎಂಬ ರೋಮನ್ ದಂಡಿನ ಠಾಣ್ಯದ ಚಿತ್ರಗಳನ್ನು ತೋರಿಸಿದರು. ಚೆನ್ನಾಗಿ ಮಾತಾಡಿದರು. ಅಲ್ಲಿನ ಹಸಿ ಮಣ್ಣಿನಲ್ಲಿ 1973ರಿಂದ ಸಿಗುತ್ತ ಬಂದ ತೆಳು ಮರದ ಹಲಗೆಗಳ ಮೇಲೆ ಸುಮಾರು 1900 ವರ್ಷಗಳ ಹಿಂದಿನ ಸೈನಿಕರ ಕೈಬರಹವಿದೆ. ಒಂದು ಹಲಗೆಯಲ್ಲಿ ಪಡೆಯ ಲೆಕ್ಕ: ಒಟ್ಟು 752 ಜನ, ಅವರಲ್ಲಿ 456 ಜನ ಬೇರೆ ಕಡೆ ಹೋಗಿದ್ದಾರೆ, ಇದ್ದವರಲ್ಲಿ 10 ಜನರಿಗೆ ಕಣ್ಣುಬೇನೆ. ಇನ್ನೊಂದರಲ್ಲಿ ಯಾರಿಗೋ ಕಾಲುಚೀಲ, ಒಳಚಡ್ಡಿ ಕಳಿಸಿದ ಸುದ್ದಿ. ಮತ್ತೊಂದರಲ್ಲಿ ಒಬ್ಬ ಅಧಿಕಾರಿಯ ಹೆಂಡತಿ ಗೆಳತಿಯನ್ನು ತನ್ನ ಹುಟ್ಟುಹಬ್ಬಕ್ಕೆ ಕರೆದಿದ್ದಾಳೆ. ಹುಡುಗರು ಬಾಯಿ ತೆರೆದುಕೊಂಡು ನೋಡಿದರು, ನಾನೂ ನೋಡಿದೆ. ಕೊನೆಗೆ ಒಬ್ಬ ವಿದ್ಯಾರ್ಥಿನಿ ಎದ್ದು, "ಸರ್, ನಮ್ಮ ಕಡೆನೂ ಇಂಥಾ ದಂಡಿನ ಜಾಗ ಅದಾವೇನ್ರಿ?" ಎಂದು ಕೇಳಿದಳು. ಅಧ್ಯಾಪಕರು ಒಂದು ಕ್ಷಣವೂ ಯೋಚಿಸದೆ, "ನಮ್ಮಲ್ಲಿ ಅಂಥಾದ್ದೇನೂ ಉಳಿದಿಲ್ಲಮ್ಮ" ಎಂದರು. ಸಭೆ ತಲೆದೂಗಿತು. ಊಟದ ಹೊತ್ತಾಗಿತ್ತು.

ಆ ಒಂದು ವಾಕ್ಯದ ಮೇಲೆ ನನ್ನ ಜಗಳ. ಆ ಅಧ್ಯಾಪಕರ ಮೇಲೆ ಸಿಟ್ಟಿಲ್ಲ, ಯಾಕೆಂದರೆ ಆ ವಾಕ್ಯ ಅವರದಲ್ಲ. ಅದು ನಮ್ಮೆಲ್ಲರದು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳಲ್ಲಿ ಹುಟ್ಟಿ, ಓದಿ, ಈಗ ಓದಿಸುತ್ತಿರುವ ನಾವೆಲ್ಲ ಹುಡುಕದೆಯೇ "ಇಲ್ಲ" ಎಂದು ಹೇಳಲು ಕಲಿತಿದ್ದೇವೆ. "ಉಳಿದಿಲ್ಲ" ಎನ್ನುವುದಕ್ಕೂ "ನೋಡಿಲ್ಲ" ಎನ್ನುವುದಕ್ಕೂ ಇರುವ ಅಂತರ ಗೊತ್ತಿಲ್ಲದವರು ಇತಿಹಾಸ ಹೇಳಬಾರದು.

ತಾಳಿಕೋಟೆಯಿಂದಲೇ ಶುರು ಮಾಡೋಣ. 1565ರ ಜನವರಿ 23ರಂದು ವಿಜಯನಗರದ ರಾಮರಾಯನಿಗೂ ದಖನ್ನಿನ ಸುಲ್ತಾನರಿಗೂ ನಡೆದ ಕಾಳಗವನ್ನು ಶಾಲೆಯ ಪುಸ್ತಕ ತಾಳಿಕೋಟೆ ಕದನ ಎನ್ನುತ್ತದೆ. ನಮ್ಮ ಜನ ರಕ್ಕಸಗಿ ಮತ್ತು ತಂಗಡಗಿ ಎಂಬ ಎರಡು ಹಳ್ಳಿಗಳ ಹೆಸರು ಕೂಡಿಸಿ ರಕ್ಕಸತಂಗಡಿ ಎನ್ನುತ್ತಾರೆ. ಗಿರೀಶ ಕಾರ್ನಾಡರು ತಮ್ಮ ಕೊನೆಯ ನಾಟಕಕ್ಕೆ ಆ ಹೆಸರನ್ನೇ ತುಸು ತಿದ್ದಿ ಇಟ್ಟರು. ಆದರೆ ಕಾಳಗ ತಾಳಿಕೋಟೆಯಲ್ಲಿ ನಡೆಯಲಿಲ್ಲ. ರಾಬರ್ಟ್ ಸಿವೆಲ್ 1900ರಲ್ಲೇ ಇದನ್ನು ಬಿಡಿಸಿ ಬರೆದಿದ್ದಾನೆ: ತಾಳಿಕೋಟೆ ಕೃಷ್ಣೆಯಿಂದ ಸುಮಾರು 25 ಮೈಲಿ ಉತ್ತರಕ್ಕಿದೆ, ಕಾಳಗ ನಡೆದದ್ದು ಹೊಳೆಯ ದಕ್ಷಿಣಕ್ಕೆ, ಮುದಗಲ್ಲಿನ ದಿಕ್ಕಿನಲ್ಲಿ. ಹಾಗಾದರೆ ತಾಳಿಕೋಟೆಯಲ್ಲಿ ಏನು ನಡೆಯಿತು? ಅಲ್ಲಿ ದಂಡು ಇಳಿಯಿತು. 1564ರ ಡಿಸೆಂಬರಿನ ಕೊನೆಯಲ್ಲಿ ವಿಜಯಪುರದ ಅಲಿ ಆದಿಲ್ ಶಾಹ, ಅಹಮದನಗರದ ಹುಸೇನ್ ನಿಜಾಮ್ ಶಾಹ, ಗೋಲ್ಕೊಂಡದ ಇಬ್ರಾಹಿಮ್ ಕುತುಬ್ ಶಾಹ, ಬೀದರಿನ ಅಲಿ ಬರೀದ್ ಶಾಹ ತಮ್ಮ ತಮ್ಮ ಸೈನ್ಯ ತಂದು ಗುಡಾರ ಹೊಡೆದದ್ದು ಅಲ್ಲಿ.

ಇದರ ಅರ್ಥ ನೋಡಿ. ಕನ್ನಡಿಗರು ನಾಲ್ಕೂವರೆ ಶತಮಾನದಿಂದ ಯಾವ ಹೆಸರು ಹೇಳಿ ಅಳುತ್ತಾರೋ, ಹಲ್ಲು ಕಡಿಯುತ್ತಾರೋ, ಅದು ರಣರಂಗದ ಹೆಸರಲ್ಲ, ಒಂದು ಬೀಡಿನ ಹೆಸರು. ಹೆಸರು ಮಾತ್ರ ಜಗತ್ತಿನ ಇತಿಹಾಸದ ಪುಸ್ತಕಗಳಲ್ಲಿದೆ. ಆ ಬೀಡು ಯಾವ ಹೊಲದಲ್ಲಿತ್ತು, ಡೋಣಿಯ ಯಾವ ಮಗ್ಗುಲಲ್ಲಿತ್ತು, ಎಷ್ಟು ದೂರ ಹಬ್ಬಿತ್ತು ಎಂದು ತಾಳಿಕೋಟೆಯ ಸಂತೆಯಲ್ಲಿ ನಿಂತು ಕೇಳಿ ನೋಡಿ. ನಾನು ಕೇಳಿದ್ದೇನೆ. ಒಬ್ಬ ಹಿರಿಯರು ಎಲಡಿಕೆ ಉಗುಳಿ, "ದಂಡು ಬಂದಿತ್ತಂತಪಾ, ಎಲ್ಲಿ ಇಳದಿತ್ತೋ ಯಾರಿಗ್ಗೊತ್ತು, ನೀ ಓದಿದಾಂವ, ನೀನ ಹೇಳು" ಎಂದರು. ಅವರದೇ ಸರಿ. ಹೇಳಬೇಕಾದವನು ಓದಿದಾಂವ.

ಓದಿದವರು ಏನು ಮಾಡುತ್ತಿದ್ದೇವೆ? ಜಗಳ ಆಡುತ್ತಿದ್ದೇವೆ. ವರ್ಷಕ್ಕೊಮ್ಮೆಯಾದರೂ ಈ ಜಗಳ ಏಳುತ್ತದೆ. ಇದು ಹಿಂದೂ ಮುಸ್ಲಿಮರ ಧರ್ಮಯುದ್ಧ ಎಂದು ಒಂದು ಗುಂಪು. ಅಲ್ಲ, ರಾಯಚೂರು ದೋಆಬಿನ ನೆಲಕ್ಕಾಗಿ ನಡೆದ ರಾಜಕಾರಣ ಎಂದು ಇನ್ನೊಂದು ಗುಂಪು. ಇಬ್ಬರು ಮುಸ್ಲಿಮ್ ಸರದಾರರು ರಾಮರಾಯನಿಗೆ ದ್ರೋಹ ಮಾಡಿದರೆನ್ನುವವರು, 1567ರಲ್ಲಿ ವಿಜಯನಗರಕ್ಕೆ ಬಂದ ಸೀಸರ್ ಫ್ರೆಡರಿಕ್‌ನನ್ನು ಸಾಕ್ಷಿಗೆ ಕರೆಯುತ್ತಾರೆ. ದ್ರೋಹವಿಲ್ಲ ಎನ್ನುವವರು ಕಾಳಗದ ಎಷ್ಟೋ ವರ್ಷಗಳ ನಂತರ ವಿಜಯಪುರದ ದರಬಾರಿನಲ್ಲಿ ಕೂತು ಬರೆದ ಫೆರಿಸ್ತಾನನ್ನು ಕರೆಯುತ್ತಾರೆ. ರಾಮರಾಯನ ಸೈನ್ಯದಲ್ಲಿ ಮುಸ್ಲಿಮರಿದ್ದರು, ಸುಲ್ತಾನರ ಸೈನ್ಯದಲ್ಲಿ ಮರಾಠರಿದ್ದರು, ಅಲಿ ಆದಿಲ್ ಶಾಹ ಕೆಲವೇ ವರ್ಷಗಳ ಹಿಂದೆ ರಾಮರಾಯನ ಮಿತ್ರನಾಗಿ ವಿಜಯನಗರಕ್ಕೆ ಹೋಗಿ ಬಂದಿದ್ದ ಎಂಬ ಮಾತು ಈ ಗದ್ದಲದಲ್ಲಿ ಯಾರ ಕಿವಿಗೂ ಬೀಳುವುದಿಲ್ಲ. ಬಿದ್ದರೂ ಉಪಯೋಗವಿಲ್ಲ. ಯಾಕೆಂದರೆ ಎರಡೂ ಗುಂಪಿಗೆ ಬೇಕಾದದ್ದು ಇತಿಹಾಸವಲ್ಲ, ವಕೀಲಿಕೆ. ನಾಲ್ಕು ಪುಸ್ತಕಗಳ ನಾಲ್ಕು ಸಾಲುಗಳನ್ನು ಅತ್ತಿಂದಿತ್ತ ಎಸೆಯುತ್ತ ಕೂತಿದ್ದೇವೆ. ಐದನೆಯ ಸಾಕ್ಷಿ ಹೊರಗೆ ಬಿಸಿಲಲ್ಲಿ ನಿಂತಿದೆ. ಅದು ನೆಲ. ಅದನ್ನು ಒಳಗೆ ಕರೆಯಲು ಯಾರಿಗೂ ಪುರುಸೊತ್ತಿಲ್ಲ.

ನೆಲ ಏನು ಹೇಳಬಲ್ಲದು? ಒಂದು ಉದಾಹರಣೆ ಕೊಡುತ್ತೇನೆ. ಕಾಳಗದ ಕೊನೆಯ ಹೊತ್ತಿಗೆ ನಿಜಾಮ್ ಶಾಹನ ತೋಪುಗಳ ಸರದಾರ ರೂಮೀಖಾನ ತೋಪಿನ ಬಾಯಿಗೆ ತಾಮ್ರದ ದುಡ್ಡಿನ ಚೀಲಗಳನ್ನು ತುಂಬಿ ಹತ್ತಿರದಿಂದ ಹಾರಿಸಿದ, ಅದರಿಂದಲೇ ವಿಜಯನಗರದ ಸಾಲು ಮುರಿಯಿತು ಎಂದು ಫೆರಿಸ್ತಾ ಬರೆಯುತ್ತಾನೆ. ವಿಜಯಪುರದ ಕೋಟೆಯ ಮೇಲೆ ಈಗ ಪ್ರವಾಸಿಗರು ಫೋಟೋ ತೆಗೆಸಿಕೊಳ್ಳುವ ಮಲಿಕ್-ಎ-ಮೈದಾನ್ ತೋಪು ಆ ಕಾಳಗದಲ್ಲಿತ್ತೆಂದು ಊರವರು ಹೇಳುತ್ತಾರೆ. ಅದನ್ನು 1549ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದವನು ಮುಹಮ್ಮದ್ ಬಿನ್ ಹಸನ್ ರೂಮಿ ಎಂದು ಅದರ ಮೈಮೇಲೆಯೇ ಕೆತ್ತಿದೆ. ರೂಮಿ ಎಂದರೆ ರೂಮಿನವನು, ಅಂದರೆ ತುರ್ಕರು ಆಳುತ್ತಿದ್ದ ಹಳೆಯ ರೋಮ್ ಸಾಮ್ರಾಜ್ಯದ ನೆಲದಿಂದ ಬಂದವನು. ರೋಮಿನ ಹೆಸರು ಹೊತ್ತವರು ನಮ್ಮ ದಂಡುಗಳಲ್ಲೂ ಇದ್ದರು. ಅದನ್ನು ನೋಡಲು ಪರದೆ ಬೇಕಿಲ್ಲ.

ಇರಲಿ, ತಾಮ್ರದ ದುಡ್ಡಿಗೆ ಬರೋಣ. ಆ ಕತೆ ನಿಜವಾದರೆ ಸಾವಿರಾರು ತಾಮ್ರದ ನಾಣ್ಯಗಳು ಒಂದೇ ದಿಕ್ಕಿಗೆ, ಒಂದೇ ಹರಹಿನಲ್ಲಿ, ಬಾಗಿ, ಕರಗಿ, ಒಂದು ನೆಲದಲ್ಲಿ ಚೆಲ್ಲಿರಬೇಕು. ಎಷ್ಟೋ ಹೆಕ್ಕಿಕೊಂಡು ಹೋಗಿರುತ್ತಾರೆ, ಎಲ್ಲವನ್ನೂ ಯಾರೂ ಹೆಕ್ಕಲಾರರು. ನಾಣ್ಯ ಸಿಕ್ಕರೆ ಕಾಳಗದ ಜಾಗ ಸಿಗುತ್ತದೆ, ತೋಪು ಎಲ್ಲಿ ನಿಂತಿತ್ತೆಂದು ತಿಳಿಯುತ್ತದೆ, ಅಲ್ಲಿಂದ ಹಿಂದೆ ಸರಿದು ಹೊಳೆಯ ದಾಟು, ದಾಟಿನಿಂದ ಹಿಂದೆ ಬೀಡು, ಹೀಗೆ ಒಂದೊಂದೇ ಗಂಟು ಬಿಚ್ಚಬಹುದು. ನಾಣ್ಯ ಸಿಗದಿದ್ದರೆ ಅದೂ ಒಂದು ಉತ್ತರ.

ಇದು ಕನಸಿನ ಮಾತಲ್ಲ. ಜರ್ಮನಿಯಲ್ಲಿ ಕ್ರಿಸ್ತಶಕ 9ರಲ್ಲಿ ಮೂರು ರೋಮನ್ ಪಡೆಗಳು ಕಾಡಿನಲ್ಲಿ ನಾಶವಾದವು. ಎಲ್ಲಿ ಎಂದು ಶತಮಾನಗಳ ಕಾಲ ಜಗಳ. ಕಾಲ್ಕ್ರೀಜೆ ಎಂಬ ಸೀಮೆಯ ಹೊಲಗಳಲ್ಲಿ ರೈತರಿಗೆ ಸಿಕ್ಕ ರೋಮನ್ ನಾಣ್ಯಗಳನ್ನು ಅಲ್ಲಿನ ಒಂದು ಜಮೀನುದಾರ ಮನೆತನ ಕೂಡಿಟ್ಟಿತ್ತು. ಆ ನಾಣ್ಯಗಳನ್ನು ನೋಡಿ ಮಾಮ್ಸೆನ್ ಎಂಬ ಇತಿಹಾಸಕಾರ 1885ರಲ್ಲೇ "ಇಲ್ಲೇ" ಎಂದಿದ್ದ. ಬಹಳ ಜನ ನಂಬಲಿಲ್ಲ. 1987ರಲ್ಲಿ ಟೋನಿ ಕ್ಲನ್ ಎಂಬ ಒಬ್ಬ ಬ್ರಿಟಿಷ್ ಸೇನಾಧಿಕಾರಿ, ಅನುಮತಿ ಪಡೆದು, ಲೋಹಶೋಧಕ ಹಿಡಿದು ಆ ಹೊಲಗಳಲ್ಲಿ ನಡೆದ. ಬೆಳ್ಳಿ ನಾಣ್ಯ ಸಿಕ್ಕವು, ಕವಣೆಯ ಸೀಸದ ಗುಂಡುಗಳು ಸಿಕ್ಕವು, ಆಮೇಲೆ ಉತ್ಖನನವಾಯಿತು. ಇವತ್ತಿಗೂ ಅದು ಆ ಕಾಳಗದ ಜಾಗ ಹೌದೋ ಅಲ್ಲವೋ ಎಂದು ವಾದಿಸುವ ವಿದ್ವಾಂಸರಿದ್ದಾರೆ. ವಾದಿಸಲಿ. ಅವರ ವಾದ ಮಣ್ಣಿನ ಮೇಲೆ ನಿಂತಿದೆ, ನಮ್ಮದು ಗಾಳಿಯಲ್ಲಿ.

ತಾಳಿಕೋಟೆ ಒಂದೇ ಆದರೆ ಇಷ್ಟು ಉದ್ದ ಬರೆಯುತ್ತಿರಲಿಲ್ಲ. ಭೀಮೆಗೂ ಕೃಷ್ಣೆಗೂ ನಡುವಿನ ನಮ್ಮ ಈ ಸೀಮೆ ದಂಡುಗಳ ಹಾದಿ. ವಕ್ಕಲೇರಿ ತಾಮ್ರಪಟಗಳನ್ನು ತೆಗೆದು ನೋಡಿ. ಸಿಕ್ಕಿದ್ದು ಕೋಲಾರದ ಕಡೆ, ಬರೆಸಿದ್ದು ನಮ್ಮ ಹೊಳೆಯ ದಂಡೆಯಲ್ಲಿ. ಬಾದಾಮಿ ಚಾಲುಕ್ಯರ ಕೊನೆಯ ಅರಸ ಎರಡನೆಯ ಕೀರ್ತಿವರ್ಮ ಕ್ರಿಸ್ತಶಕ 757ರಲ್ಲಿ ಭೀಮರಥಿಯ ಉತ್ತರ ದಂಡೆಯ ಭಂಡಾರಗವಿಟ್ಟಗೆ ಎಂಬ ಊರಲ್ಲಿ ವಿಜಯಸ್ಕಂಧಾವಾರ ಹಾಕಿದ್ದಾಗ ಕೊಟ್ಟ ದಾನ ಅದು. ಭೀಮರಥಿ ನಮ್ಮ ಭೀಮೆ. ಆ ಊರನ್ನು ಸೊಲ್ಲಾಪುರ ಜಿಲ್ಲೆಯ ಭಂಡಾರಕವಠೆ ಎಂದು ಗುರುತಿಸಿದ್ದಾರೆ. ಹೊಳೆಯ ಆಚೆ ದಂಡೆ ಅದು, ಈಚೆ ದಂಡೆ ನಮ್ಮ ವಿಜಯಪುರ ಜಿಲ್ಲೆ.

ಆ ಹೊತ್ತನ್ನು ನೆನೆಯಿರಿ. ನಾಲ್ಕು ವರ್ಷ ಮೊದಲೇ ರಾಷ್ಟ್ರಕೂಟ ದಂತಿದುರ್ಗ ಚಾಲುಕ್ಯರನ್ನು ಸೋಲಿಸಿದ್ದ. ಸೋಲರಿಯದ ಕರ್ಣಾಟಕ ಬಲವನ್ನು ತಾನು ಗೆದ್ದೆನೆಂದು ತನ್ನ ಸಮಾನಗಡದ ಶಾಸನದಲ್ಲಿ ಬರೆಸಿಕೊಂಡಿದ್ದ. ಸೋತ ಆ ಬಲದ ಉಳಿದ ತುಂಡು, ಕೊನೆಯ ಅರಸನ ಜೊತೆ, ಭೀಮೆಯ ದಂಡೆಯಲ್ಲಿ ಗುಡಾರ ಹೊಡೆದಿದೆ. ಅಪ್ಪ ಎರಡನೆಯ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದರೂ ಹಾಳುಗೆಡವದೆ, ಅಲ್ಲಿನ ಗುಡಿಗೆ ಚಿನ್ನ ಮರಳಿಸಿದ ಹೆಮ್ಮೆಯನ್ನು ಮಗ ಅದೇ ತಾಮ್ರಪಟದಲ್ಲಿ ಬರೆಸುತ್ತಾನೆ. ಸಾಮ್ರಾಜ್ಯ ಕೈಬಿಟ್ಟು ಹೋಗುತ್ತಿರುವಾಗ ಗುಡಾರದಲ್ಲಿ ಕೂತು ಅಪ್ಪನ ಔದಾರ್ಯ ನೆನೆಯುವ ಅರಸ! ಅವನ ಮುಂದಿನ ಸುದ್ದಿ ಹೇಳುವ ಶಾಸನ ಇಲ್ಲ. ಇದಕ್ಕಿಂತ ದೊಡ್ಡ ನಾಟಕ ಬೇಕೆ? ರೋಮನ್ನರ ಒಂದು ಹಲಗೆಗೆ ಬಾಯಿ ತೆರೆಯುವ ನಾವು, ಈ ಬೀಡು ಇದ್ದ ದಂಡೆಯಿಂದ ರಾತ್ರೋರಾತ್ರಿ ಟಿಪ್ಪರಿನಲ್ಲಿ ಮರಳು ಹೋಗುವಾಗ ಬಾಯಿ ಮುಚ್ಚಿಕೊಂಡಿರುತ್ತೇವೆ.

ಇನ್ನೊಂದು. ಬಸವನ ಬಾಗೇವಾಡಿ ತಾಲೂಕಿನ ನರಸಲಗಿಯಲ್ಲಿ 965ರ ಶಾಸನವಿದೆ. ರಾಷ್ಟ್ರಕೂಟ ಮೂರನೆಯ ಕೃಷ್ಣನ ಕೈಕೆಳಗೆ ಆಹವಮಲ್ಲ ತೈಲಪರಸ ಎಂಬವನು ತರ್ದವಾಡಿ ಸಾಸಿರವನ್ನು ಅಣುಗಜೀವಿತವಾಗಿ, ಅಂದರೆ ಅರಸ ಮೆಚ್ಚಿ ಕೊಟ್ಟ ನೆಲವಾಗಿ, ಆಳುತ್ತಿದ್ದ ಎಂದು ಅದು ಹೇಳುತ್ತದೆ. ಇಂಡಿ, ಸಿಂದಗಿ, ಬಾಗೇವಾಡಿ ಎಲ್ಲ ಆ ತರ್ದವಾಡಿ ನಾಡಿನ ಸೀಮೆ. ಎಂಟೇ ವರ್ಷಕ್ಕೆ, 973ರಲ್ಲಿ, ಅದೇ ತೈಲಪ ಇಲ್ಲಿಂದಲೇ ಎದ್ದು ರಾಷ್ಟ್ರಕೂಟರನ್ನು ಉರುಳಿಸಿ ಚಾಲುಕ್ಯರ ಎರಡನೆಯ ಸಾಮ್ರಾಜ್ಯ ಕಟ್ಟಿದ. ಹಾಗೆ ಎದ್ದ ಸೈನ್ಯ ಎಲ್ಲಿ ಕೂಡಿತು, ಅದರ ಕುದುರೆ ಎಲ್ಲಿ ನೀರು ಕುಡಿದವು? ನಾವು ಕೇಳಿಲ್ಲ. ನಮ್ಮ ಭಾಷೆ ಮಾತ್ರ ಮರೆತಿಲ್ಲ. ಕಲ್ಯಾಣವನ್ನು ಶಾಸನಗಳು ರಾಜಧಾನಿ ಎನ್ನುವುದಕ್ಕಿಂತ ಹೆಚ್ಚಾಗಿ ನೆಲೆವೀಡು ಎಂದವು, ಅಂದರೆ ನೆಲೆನಿಂತ ಬೀಡು. ಬೀಡು, ಕಟಕ, ಪಾಳೆಯ, ದಂಡು, ಠಾಣ್ಯ, ಛಾವಣಿ. ಒಂದು ವಸ್ತುವಿಗೆ ಇಷ್ಟು ಹೆಸರಿಟ್ಟ ಜನ, ಆ ವಸ್ತುವನ್ನೇ ಕಂಡಿಲ್ಲ ಎನ್ನುತ್ತಾರೆ.

ಮತ್ತೆ ಔರಂಗಜೇಬನ ದಂಡು. 1686ರ ಸೆಪ್ಟೆಂಬರಿನಲ್ಲಿ ವಿಜಯಪುರ ಅವನ ಕೈಸೇರಿತು. ಆಮೇಲೂ ಅವನು ಈ ಸೀಮೆ ಬಿಡಲಿಲ್ಲ. 1695ರಲ್ಲಿ ಕೃಷ್ಣೆಯ ದಂಡೆಯ ಗಲಗಲಿಯಲ್ಲಿ ಇಟಲಿಯ ಪ್ರವಾಸಿ ಜೆಮೆಲ್ಲಿ ಕರೇರಿ ಅವನನ್ನು ಗುಡಾರದಲ್ಲಿ ಕಂಡ. ಮೂವತ್ತು ಮೈಲಿ ಸುತ್ತಳತೆಯ ಚಲಿಸುವ ಪಟ್ಟಣ ಎಂದು ಬರೆದ. ಪ್ರವಾಸಿಗಳ ಲೆಕ್ಕದಲ್ಲಿ ಅರ್ಧ ಕಳೆದರೂ ಹದಿನೈದು ಮೈಲಿ ಉಳಿಯುತ್ತದೆ. ಅದೇ ವರ್ಷದಿಂದ 1699ರವರೆಗೆ ಭೀಮೆಯ ದಂಡೆಯ ಬ್ರಹ್ಮಪುರಿಯಲ್ಲಿ ಬೀಡು. 1697ರಲ್ಲಿ ಭೀಮೆ ಉಕ್ಕಿ ಬಂದು ಆ ಬೀಡಿನ ಸರದಾರರ ಮನೆಗಳನ್ನೇ ಕೊಚ್ಚಿಕೊಂಡು ಹೋಯಿತು. 1705ರಲ್ಲಿ ಸುರಪುರ ಸೀಮೆಯ ವಾಗಿನಗೇರಿಗೆ ಮುತ್ತಿಗೆ, ಆಮೇಲೆ ದೇವಾಪುರದಲ್ಲಿ ಕಾಯಿಲೆ ಬಿದ್ದು ತಿಂಗಳುಗಟ್ಟಲೆ ವಾಸ. ಇಷ್ಟು ದೊಡ್ಡ ಪಟ್ಟಣ ಇಷ್ಟು ವರ್ಷ ನಮ್ಮ ಎರಡು ಹೊಳೆಗಳ ದಂಡೆಯಲ್ಲಿ ಉಂಡು, ಮಲಗಿ, ಸತ್ತು, ಹೂತು ಹೋದರೆ ಏನೂ ಉಳಿಯುವುದಿಲ್ಲವೆ?

ಇಲ್ಲಿ ನನ್ನ ಮುಖ್ಯ ಮಾತು ಇದೆ. ಕಾಳಗ ಅರಸರದು, ಬೀಡು ರೈತರದು. ಕಾಳಗ ಅರ್ಧ ದಿನದಲ್ಲಿ ಮುಗಿಯುತ್ತದೆ, ಬೀಡು ತಿಂಗಳುಗಟ್ಟಲೆ ಕೂರುತ್ತದೆ. ಕೂತಷ್ಟೂ ದಿನ ತಿನ್ನುತ್ತದೆ. 1564ರ ಡಿಸೆಂಬರಿನ ಕೊನೆ, 1565ರ ಜನವರಿ ಎಂದರೆ ನಮ್ಮ ಕಡೆ ಯಾವ ಹೊತ್ತು? ಎಳ್ಳಮಾಸಿಯ ಚರಗ ಚೆಲ್ಲಿ ಬಂದು, ಹಿಂಗಾರಿ ಜೋಳ ಹಾಲುದುಂಬುವುದನ್ನು ನೋಡುತ್ತ, ಇನ್ನೇನು ಸೀತನಿ ತಿನ್ನಬೇಕು ಎನ್ನುವ ಹೊತ್ತು. ಅಂದೂ ಡೋಣಿಯ ಎರೆಯಲ್ಲಿ ಬಿಳಿಜೋಳ ನಿಂತಿದ್ದರೆ, ನಾಲ್ಕು ಸುಲ್ತಾನರ ಕುದುರೆ, ಎತ್ತು, ಆನೆಗಳು ಇಳಿದದ್ದು ಆ ತೆನೆಯ ಮೇಲೆ. ಆ ವರ್ಷ ಯಾರ ಹಗೇವಿಗೂ ಕಾಳು ಬಿದ್ದಿರಲಾರದು. ಆ ರೈತನ ಜಾತಿ ಯಾವುದು, ದೇವರು ಯಾವುದು ಎಂದು ಕುದುರೆ ಕೇಳಿರಲಾರದು. ಔರಂಗಜೇಬನ ಕೊನೆಯ ವರ್ಷಗಳಲ್ಲಿ, 1702ರಿಂದ 1704ರವರೆಗೆ, ದಖನ್ನಿನಲ್ಲಿ ಬರ ಮತ್ತು ಪ್ಲೇಗು ಬಿದ್ದಾಗ ದಂಡು ಹಾದುಹೋದ ನೆಲದಲ್ಲಿ ಗಿಡವೂ ಇರಲಿಲ್ಲ, ಬೆಳೆಯೂ ಇರಲಿಲ್ಲ ಎಂಬರ್ಥದ ಮಾತನ್ನು ಇಟಲಿಯ ಮನೂಚಿ ಬರೆದಿದ್ದಾನೆ. ಈ ಹೊಟ್ಟೆಯ ಇತಿಹಾಸ ತಾಮ್ರಪಟದಲ್ಲಿ ಬರುವುದಿಲ್ಲ, ದರಬಾರಿನ ಫಾರ್ಸಿಯಲ್ಲೂ ಬರುವುದಿಲ್ಲ. ಅದು ಬೂದಿಯಲ್ಲಿ, ಎಲುಬಿನಲ್ಲಿ, ಸುಟ್ಟ ಒಲೆಗಲ್ಲಿನಲ್ಲಿ, ಒಡೆದ ಗಡಿಗೆಯ ಬಿಲ್ಲೆಯಲ್ಲಿ ಇರುತ್ತದೆ. ಬೀಡನ್ನು ಹುಡುಕುವುದೆಂದರೆ ಅರಸರ ಪಕ್ಷ ಬಿಟ್ಟು ನಮ್ಮ ಅಜ್ಜನ ಅಜ್ಜನ ಪಕ್ಷ ಹಿಡಿಯುವುದು.

ಆಕ್ಷೇಪಗಳು ನನಗೆ ಗೊತ್ತು. ಮೊದಲನೆಯದು: ನಮ್ಮದು ಎರೆ ಭೂಮಿ, ಅದರಲ್ಲಿ ಮರ, ಬಟ್ಟೆ, ತೊಗಲು ಉಳಿಯುವುದಿಲ್ಲ. ನಿಜ. ವಿಂಡೊಲ್ಯಾಂಡಾದಂತೆ ಪತ್ರಗಳು ಸಿಗಲಾರವು. ಆದರೆ ಬೇಸಿಗೆಯಲ್ಲಿ ಎರೆ ಬಿರಿಯುವುದನ್ನು ಕಂಡವರಿಗೆ ಗೊತ್ತು, ಆ ಬಿರುಕಿಗೆ ಕೈಕೋಲು ಇಳಿಬಿಟ್ಟರೆ ಮಾಯವಾಗುತ್ತದೆ. ಮೇಲಿದ್ದದ್ದನ್ನು ನುಂಗುವ, ಒಳಗಿದ್ದದ್ದನ್ನು ಮೇಲೆ ತರುವ ಮಣ್ಣು ಅದು. ತಾಮ್ರ, ಕಬ್ಬಿಣ, ಕಲ್ಲು, ಸುಟ್ಟ ಮಣ್ಣು ಅದರ ಹೊಟ್ಟೆಯಲ್ಲಿ ಕರಗುವುದಿಲ್ಲ. ಪದರಗಳು ಕಲೆಸಿಹೋಗಿರುತ್ತವೆ, ಕೆಲಸ ಕಷ್ಟ. ಕಷ್ಟ ಎನ್ನುವುದು ಇಲ್ಲ ಎನ್ನುವುದಕ್ಕೆ ಸಮವಲ್ಲ.

ಎರಡನೆಯದು: ಕುಡಿಯುವ ನೀರಿಗೆ ಗತಿಯಿಲ್ಲದ ಜಿಲ್ಲೆಯಲ್ಲಿ ಇದೆಲ್ಲ ಶೋಕಿ. ಈ ಮಾತನ್ನು ಬರದಲ್ಲಿ ಬೆಳೆದ ನಾನು ಲಘುವಾಗಿ ತಳ್ಳಲಾರೆ. ಆದರೆ ಇದೇ ಇಂಡಿ ತಾಲೂಕಿನ ಸಾಲೋಟಗಿಯಲ್ಲಿ 945ರ ಶಾಸನ ಓದಿ. ಬೇರೆ ಬೇರೆ ನಾಡಿನಿಂದ ಓದಲು ಬಂದ ಹುಡುಗರ ವಾಸಕ್ಕೆ 27 ಮನೆ ಇದ್ದವು, ಅವರ ದೀಪದ ಎಣ್ಣೆಗೆಂದು 12 ನಿವರ್ತನ ಭೂಮಿ ಬಿಟ್ಟಿದ್ದರು. ಬರ ಅಂದೂ ಇತ್ತು. ಅಂದಿನವರು ಓದುವ ಹುಡುಗನ ದೀಪಕ್ಕೆ ಹೊಲ ಬಿಟ್ಟರು. ನಾವು ಒಂದು ಬೇಸಿಗೆ ರಜೆಯನ್ನೂ ಬಿಡಲಾರೆವೆ?

ಮೂರನೆಯದು, ಎಲ್ಲಕ್ಕಿಂತ ಗಟ್ಟಿಯಾದದ್ದು: ತಾಳಿಕೋಟೆಯಲ್ಲಿ ಅಗೆದರೆ ಬೆಂಕಿ ಹತ್ತುತ್ತದೆ, ಸುಮ್ಮನಿರಿ. ನನಗೂ ಈ ಹೆದರಿಕೆ ಇದೆ. ಆದರೆ ಅಗೆಯದೆ ಬಿಟ್ಟಾಗ ಬೆಂಕಿ ಆರಿದೆಯೆ? ಸಾಕ್ಷಿ ಇಲ್ಲದ ಜಾಗದಲ್ಲಿಯೇ ವದಂತಿ ದೊಡ್ಡದಾಗಿ ಬೆಳೆಯುವುದು. ಎರಡೂ ದಂಡಿನವರು ಒಂದೇ ಜೋಳ ತಿಂದು, ಒಂದೇ ಹೊಳೆಯ ನೀರು ಕುಡಿದು, ಒಂದೇ ಕಬ್ಬಿಣದ ನಾಲು ಹೊಡೆಸಿಕೊಂಡಿದ್ದರು ಎಂದು ಮಣ್ಣು ತೋರಿಸಿದರೆ ಕೂಗುವವರ ಗಂಟಲು ಸ್ವಲ್ಪವಾದರೂ ಒಣಗೀತು.

ನಾಲ್ಕನೆಯದು ರೈತರ ಆಕ್ಷೇಪ. ಅದನ್ನು ನಾನು ವಾದದಲ್ಲಿ ಗೆಲ್ಲಲು ಹೋಗುವುದಿಲ್ಲ. ಹೋದ ಬೇಸಿಗೆ ನಮ್ಮ ಕಾಕಾ ಡೋಣಿ ದಂಡೆಯ ಹೊಲಕ್ಕೆ ಜೆಸಿಬಿ ಕರೆಸಿದ. ಕಬ್ಬು ಹಚ್ಚಬೇಕು, ಹೊಲ ಸಪಾಟು ಆಗಬೇಕು. ಅಜ್ಜನಿಗೆ ಗುಂಡು ಸಿಕ್ಕ ಅದೇ ಹೊಲ. ನಾನು ರಜೆಗೆ ಹೋಗಿದ್ದೆ. ಬಕೀಟು ಎತ್ತಿದ ಮಣ್ಣಿನಲ್ಲಿ ಬೂದಿಯ ಒಂದು ಪಟ್ಟಿ ಕಂಡಿತು, ಅದರಲ್ಲಿ ಗಡಿಗೆಯ ಬಿಲ್ಲೆ, ತುಕ್ಕು ಹಿಡಿದ ಒಂದು ತುಂಡು. ನಾನು ಕೈ ಎತ್ತಿ ನಿಲ್ಲಿಸಲು ಹೇಳಿದೆ. ಕಾಕಾ ನನ್ನ ಹತ್ತಿರ ಬಂದು ಮೆಲ್ಲಗೆ, "ತಮ್ಮಾ, ಬಾಯಿ ಮಾಡಬ್ಯಾಡ. ಯಾರರೆ ಕೇಳಿದ್ರ ನಾಳಿಗಿ ಹೊಲಕ್ಕ ಬೋರ್ಡ ಬೀಳತದ. ನೀ ಪಗಾರ ತಗೊಂಡು ಹೋಗ್ತಿ, ನಾ ಏನ ತಿನ್ನಲಿ?" ಎಂದ. ಜೆಸಿಬಿಗೆ ತಾಸಿನ ಲೆಕ್ಕದಲ್ಲಿ ಬಾಡಿಗೆ. ನಾನು ಕೈ ಇಳಿಸಿದೆ. ಫೋಟೋ ಕೂಡ ತೆಗೆಯಲಿಲ್ಲ. ಸಂಜೆಯ ಹೊತ್ತಿಗೆ ಹೊಲ ಕೇರಂ ಬೋರ್ಡಿನಂತೆ ಆಗಿತ್ತು. ಅಲ್ಲಿ ಇದ್ದದ್ದು ಬೀಡಿನ ಒಲೆಯೋ, ಯಾರೋ ಕುರುಬರು ಕುರಿ ತರುಬಿದ ಜಾಗದ ಬೂದಿಯೋ, ಇನ್ನು ಯಾವ ವಿದ್ವಾಂಸನೂ ಹೇಳಲಾರ. ಆ ಅಧ್ಯಾಪಕರಿಗೆ "ನೋಡದೆ ಹೇಳಿದಿರಿ" ಎನ್ನಬಹುದು. ನಾನು ನೋಡಿ ಸುಮ್ಮನಿದ್ದೆ. ಯಾರ ತಪ್ಪು ದೊಡ್ಡದು?

ಕಾಕಾನ ಹೆದರಿಕೆ ಸುಳ್ಳಲ್ಲ. ಕೇಂದ್ರ ಸರ್ಕಾರ ಕಾಯ್ದ ಸ್ಮಾರಕದ ಸುತ್ತ 100 ಮೀಟರ್ ನಿಷೇಧ, ಅದರಾಚೆ ಮತ್ತೆ 200 ಮೀಟರ್ ನಿಯಂತ್ರಣ ಎಂಬ 2010ರ ತಿದ್ದುಪಡಿಯನ್ನು ವಿಜಯಪುರದಲ್ಲಿ ಮನೆ ಕಟ್ಟಲು ಹೋದವರೆಲ್ಲ ಬಲ್ಲರು. ಕಾಯ್ದೆಗಳಿಗೆ ಕೊರತೆಯಿಲ್ಲ. ನಿಧಿ ಸಿಕ್ಕರೆ ತಿಳಿಸಬೇಕೆಂದು 1962ರ ರಾಜ್ಯದ ಕಾಯ್ದೆ ಇದೆ. 1958ರ ಕೇಂದ್ರ ಕಾಯ್ದೆಯಂತೂ, ಕನಿಷ್ಠ ನೂರು ವರ್ಷ ಹಳೆಯ ಅವಶೇಷಗಳು ಇರುವ ನೆಲವನ್ನಷ್ಟೇ ಅಲ್ಲ, ಇವೆಯೆಂದು ಯುಕ್ತವಾಗಿ ನಂಬಬಹುದಾದ ನೆಲವನ್ನೂ ಪುರಾತತ್ವ ತಾಣ ಎನ್ನುತ್ತದೆ. ಅಂದರೆ ಗೋಡೆ, ಗುಮ್ಮಟ ನಿಂತಿರಲೇಬೇಕು ಎಂದೇನಿಲ್ಲ. ಕಾಯ್ದೆಗೆ ಇರುವ ಕಲ್ಪನೆ ನಮಗಿಲ್ಲ. ಆದರೆ ಆ ಕಾಯ್ದೆ ರೈತನ ಮನೆಗೆ ಯಾವಾಗಲೂ ಬೆದರಿಕೆಯಾಗಿ ಬರುತ್ತದೆ, ಪಾಲುದಾರನಾಗಿ ಬರುವುದಿಲ್ಲ. ಅದಕ್ಕೇ ಸಿಕ್ಕಿದ್ದೆಲ್ಲ ಹಾಳುಬಾವಿಗೆ ಬೀಳುತ್ತದೆ. ಅಥವಾ ಅಮಾಸಿ ರಾತ್ರಿ ನಿಂಬೆಹಣ್ಣು, ಕುಂಕುಮ ಹಿಡಿದು ಬರುವ ನಿಧಿಗಳ್ಳರ ಪಾಲಾಗುತ್ತದೆ. ಒಪ್ಪಲು ನಾಚಿಕೆಯಾದರೂ ಹೇಳುತ್ತೇನೆ: ಈ ಸೀಮೆಯ ನೆಲವನ್ನು ನಮ್ಮ ಇತಿಹಾಸ ವಿಭಾಗಗಳಿಗಿಂತ ನಿಧಿಗಳ್ಳರು ಹೆಚ್ಚು ಹುಡುಕಿದ್ದಾರೆ.

ಹಾಗಾದರೆ ಏನು ಬೇಕು? ತಾಳಿಕೋಟೆಯಲ್ಲಿ ಪ್ರತಿಮೆ ಬೇಡ. ವಿಜಯಸ್ತಂಭವೂ ಬೇಡ, ಶೋಕಸ್ತಂಭವೂ ಬೇಡ. ನೂರಾರು ಕೋಟಿಯ ಯೋಜನೆ ಬೇಡ, ಅದು ಬಂದರೆ ಮೊದಲು ಕಾಂಪೌಂಡು ಬರುತ್ತದೆ. ಮೊದಲು ಅಗೆಯುವುದೂ ಬೇಡ. ನಡೆಯಬೇಕು. ಸುಗ್ಗಿ ಮುಗಿದು ಹೊಲ ಬರಿದಾದ ಮೇಲೆ, ಮಳೆಗೆ ಮುಂಚೆ, ಈ ನಾಲ್ಕು ತಾಲೂಕುಗಳ ಕಾಲೇಜುಗಳ ಇತಿಹಾಸದ, ಕನ್ನಡದ ಹುಡುಗ ಹುಡುಗಿಯರು ಸಾಲುಗಟ್ಟಿ, ರೈತನ ಅನುಮತಿ ಕೇಳಿ, ಡೋಣಿಯ, ಭೀಮೆಯ, ಕೃಷ್ಣೆಯ ದಂಡೆಯ ಹೊಲಗಳಲ್ಲಿ ನಡೆಯಬೇಕು. ತಂಗಡಗಿಯ ಕಡೆ ನಾರಾಯಣಪುರ ಅಣೆಕಟ್ಟೆಯ ಹಿನ್ನೀರು ಸರಿದು ದಂಡೆ ಬಯಲಾಗುವುದು ಬೇಸಿಗೆಯಲ್ಲೇ. ಕಂಡದ್ದನ್ನು ಎತ್ತಬಾರದು, ಬರೆದುಕೊಳ್ಳಬೇಕು, ಚಿತ್ರ ತೆಗೆಯಬೇಕು, ಜಾಗ ಗುರುತಿಸಬೇಕು. ಹೊಲದ ಹೆಸರು ಕೇಳಬೇಕು. ಉತಾರದಲ್ಲಿ ನಂಬರು ಮಾತ್ರ ಇರುತ್ತದೆ, ಹೆಸರು ಮುದುಕರ ಬಾಯಲ್ಲಿ ಇರುತ್ತದೆ. ಯಾವ ಹೊಲಕ್ಕೆ ದಂಡಿನ ಹೊಲ, ಯಾವ ಹಾದಿಗೆ ದಂಡಿನ ಹಾದಿ, ಯಾವ ಕೊಳ್ಳಕ್ಕೆ ಆನೆಯ ಹೆಸರು ಎಂದು ಕೇಳಿ ಬರೆದುಕೊಂಡರೆ ಅದೇ ಅರ್ಧ ನಕಾಶೆ. ಆ ಮುದುಕರು ಹೋಗುತ್ತಿದ್ದಾರೆ.

ಇದರ ಜೊತೆಗೆ ಸರ್ಕಾರ ಒಂದು ಮಾತು ಕೊಡಬೇಕು. ಸಿಕ್ಕದ್ದನ್ನು ತೋರಿಸಿದ ರೈತನ ಹೊಲ ಅವನದೇ. ನೋಡಲು ಕೆಲಸ ನಿಲ್ಲಿಸಿದ ದಿನಗಳಿಗೆ ಜೆಸಿಬಿ ಬಾಡಿಗೆಯೂ ಸೇರಿ ಪರಿಹಾರ ಅವನಿಗೆ ಸಿಗಬೇಕು. ಇಷ್ಟು ಇಲ್ಲದೆ ರೈತನಿಗೆ ಪರಂಪರೆಯ ಪಾಠ ಹೇಳುವುದು ನಾಚಿಕೆಗೇಡು.

ಪುಸ್ತಕಗಳ ಕೆಲಸ ಆಗಿಲ್ಲ ಎಂದಲ್ಲ. ಸಿಂದಗಿ ತಾಲೂಕಿನ ಗುಬ್ಬೇವಾಡದಲ್ಲಿ ಹುಟ್ಟಿದ ಎಂ.ಎಂ. ಕಲಬುರ್ಗಿಯವರು ಶಾಸನಗಳ ಒಂದೊಂದು ಅಕ್ಷರಕ್ಕೆ ಜೀವ ತೇಯ್ದರು. ಆದಿಲ್ ಶಾಹಿ ಕಾಲದ ಫಾರ್ಸಿ ಗ್ರಂಥಗಳು ಕನ್ನಡಕ್ಕೆ ಬಂದಿವೆ. ಅಕ್ಷರದ ಸಾಕ್ಷಿಯನ್ನು ಹಿರಿಯರು ಕೂಡಿಟ್ಟು ಕೊಟ್ಟಿದ್ದಾರೆ. ಮಣ್ಣಿನ ಸಾಕ್ಷಿ ನಮ್ಮ ಪಾಲಿನ ಕೆಲಸ. ನಮ್ಮ ನೆರೆಯ ಸನ್ನತಿಯಲ್ಲಿ 1986ರಲ್ಲಿ ಗುಡಿಯ ಛಾವಣಿ ಕುಸಿಯುವತನಕ ದೇವಿಯ ಪೀಠವಾಗಿದ್ದ ಕಲ್ಲು ಅಶೋಕನ ಶಾಸನವೆಂದು ಯಾರಿಗೂ ತಿಳಿದಿರಲಿಲ್ಲ. ಛಾವಣಿ ಬೀಳುವುದನ್ನೇ ಕಾಯುವುದು ಒಂದು ಸಂಶೋಧನಾ ವಿಧಾನವಾಗಬಾರದು. ಹೊಲಕ್ಕಂತೂ ಛಾವಣಿಯೂ ಇಲ್ಲ.

ಆ ವಿದ್ಯಾರ್ಥಿನಿಯ ಹೆಸರು ನನಗೆ ಗೊತ್ತಿಲ್ಲ. ಅವಳು ಇದನ್ನು ಓದಿದರೆ ಇಷ್ಟು ಹೇಳಬೇಕು: ನಿನ್ನ ಪ್ರಶ್ನೆಗೆ ಅಂದು ಸಿಕ್ಕ ಉತ್ತರ ತಪ್ಪು. ಸರಿಯಾದ ಉತ್ತರ "ಅದಾವ, ಬಾ ನೋಡೋಣ" ಎಂಬುದು. ನೋಡಿದ ಮೇಲೆ ಇಲ್ಲ ಎಂದು ಗೊತ್ತಾದರೆ ಆಗ ಇಲ್ಲ ಎನ್ನೋಣ.

ಕಳೆದ ವಾರ ಊರಿಗೆ ಹೋದಾಗ ಟಾಕಿಯ ಮೇಲಿನ ಗುಂಡನ್ನು ಇಳಿಸಿ, ತೊಳೆದು, ತೂಗಿದೆ. ಸುತ್ತಳತೆ ಹಿಡಿದು ಬರೆದುಕೊಂಡೆ. ಅಜ್ಜನಿಗೆ ಅದು ಸಿಕ್ಕದ್ದು ಹೊಲದ ಯಾವ ಮೂಲೆಯಲ್ಲಿ ಎಂದು ಅವ್ವನನ್ನು ಕೇಳಿದೆ. "ಬನ್ನಿಗಿಡದ ಕಡೆ ಅಂತಿದ್ದ ನೋಡು" ಎಂದಳು. ಬನ್ನಿಗಿಡ ಈಗಿಲ್ಲ, ಕಾಕಾನ ಜೆಸಿಬಿ ಅದನ್ನೂ ಕಿತ್ತಿದೆ. ಅದು ತೋಪಿನ ಗುಂಡೋ, ಕಾರಹುಣ್ಣಿವೆಯಲ್ಲಿ ಹುಡುಗರು ಎತ್ತುತ್ತಿದ್ದ ಗುಂಡುಗಲ್ಲೋ, ಎಣ್ಣೆ ಗಾಣದ್ದೋ ಹೇಳಬಲ್ಲವರು ಯಾರಾದರೂ ಇದ್ದರೆ ಬನ್ನಿ, ತೋರಿಸುತ್ತೇನೆ. ಟಾಕಿಯ ತಗಡಿನ ಮೇಲೆ ಸದ್ಯಕ್ಕೆ ಬೇರೆ ಕಲ್ಲು ಇಟ್ಟಿದ್ದೇನೆ.